ಸೀಸದ ಪಡ್ಡು

ನಮ್ಮ ಮನ್ಯಾಗ ಒಂದು ಬೂಟಿನ ಡಬ್ಬಿಯೊಳಗ ಹದಿನೆಂಟು ಪಡ್ಡು ಅವ. ಮೂರು ವರ್ಷ ಆತು, ಬೂಜು ಹಿಡಿದಿಲ್ಲ, ಇರಿವಿ ಹತ್ತಿಲ್ಲ. ಯಾಕಂದ್ರ ಅವು ಸೀಸದ ಪಡ್ಡು, ಒಂದೊಂದು ಅರ್ಧ ಕೆಜಿ ತೂಗತಾವ. ಮನಿಗೆ ಬಂದವರು ಏನಿವು ಅಂತ ಕೇಳಿದ್ರ ನಮ್ಮವ್ವ, "ನಮ್ಮ ಮಂದಿ ಬುದ್ಧಿ ಅವು, ಕೈಯಾಗ ಹಿಡದು ನೋಡ್ರಿ ಎಷ್ಟು ಭಾರ ಅವ" ಅಂತಾಳ.

ನನ್ನ ಹೆಸರು ಗೌತಮಿ. ಊರು ಮಾನ್ವಿ, ವಯಸ್ಸು ಇಪ್ಪತ್ತೆರಡು, ಕೆಲಸ ರೇಸ್ ಗಾಡಿ ಓಡಸೋದು. ಹತ್ತೊಂಬತ್ತಕ್ಕ ನನಗ ಶುಗರ್ ಬಂತು. ಗುಳಿಗಿಗೆ ಬಗ್ಗೋದಲ್ಲ, ದಿನಕ್ಕ ನಾಕು ಸಲ ಇನ್ಸುಲಿನ್ ಚುಚ್ಚಿಕೋಬೇಕಾದ ನಮೂನಿದು. ಈ ಮಾತು ಕೇಳಿದ ಕೂಡ್ಲೆ ಮಂದಿ ಏನಂತಾರ ಅನ್ನೋದು ನನಗ ಬಾಯಿಪಾಠ ಆಗ್ಯದ. ಮೊದಲು "ಅಯ್ಯ ಪಾಪ", ಆಮ್ಯಾಲ ಹಾಗಲಕಾಯಿ. ದವಾಖಾನ್ಯಾಗ ಮಲಗಿದ್ದಾಗ ನನ್ನಂಥಾಕಿ ಇನ್ನೊಬ್ಬಾಕಿ ಎಲ್ಲರ ಇದ್ದಾಳೇನು ಅಂತ ಫೋನಿನ್ಯಾಗ ಹುಡುಕಿ ಹುಡುಕಿ ಸಾಕಾಗಿತ್ತು. ನೀವೂ ಹಂಗ ಹುಡುಕಾಕತ್ತಿದ್ರ, ನೋಡ್ರಿ, ನಾ ಇಲ್ಲಿ ಅದೀನಿ.

ಮೊದಲು ನಮ್ಮಪ್ಪನ ಸುದ್ದಿ ಹೇಳಬೇಕು. ಮಾನ್ವಿಯಿಂದ ಸಿರವಾರಕ್ಕ ಹೋಗೋ ರಸ್ತ್ಯಾಗ ಒಂದು ರೈಸ್ ಮಿಲ್ ಅದ. ನಮ್ಮಜ್ಜ ಅಲ್ಲಿ ಚೀಲ ಹೊತ್ತಾಂವ. ಮಗನ್ನ ಓದಿಸಿ ಅದೇ ಮಿಲ್ಲಿನ ಕಾಟಾದ ಕುರ್ಚಿ ಮ್ಯಾಲ ಕುಂಡ್ರಿಸಿದ. ಭತ್ತದ ಲಾರಿ ಬಂದು ಕಾಟಾದ ಮ್ಯಾಲ ನಿಂದ್ರತದ, ಅಪ್ಪ ತೂಕ ನೋಡಿ ಚೀಟಿ ಬರೀತಾನ, ಕಿಟಕ್ಯಾಗಿಂದ ತಲಿ ಹೊರಗ ಹಾಕಿ "ಆತು, ಮುಂದಕ್ಕ!" ಅಂತ ಒದರತಾನ. ಆ ಒದರಾಟ ಬಾಗಲವಾಡ ಊರಿಗೂ ಕೇಳಸತದ ಅಂತ ಹಮಾಲರು ನಗತಾರ. ಮನ್ಯಾಗೂ ಹಂಗ. ನಾ ಎಸ್ಸೆಸ್ಸೆಲ್ಸಿ ಪಾಸಾದಾಗ ಅಂದಿದ್ದು ಅದೊಂದೇ ಮಾತು. ತಾಟಿನ್ಯಾಗಿನ ರೊಟ್ಟಿ ಮುಗಿಸಿದ್ರೂ ಅದೇ ಮಾತು.

ಅವ್ವ ಅಂಗನವಾಡಿ ಟೀಚರ್. ಆಕಿ ತಮ್ಮ ಸಿದ್ದು ಮಾವಂದು ದೇವದುರ್ಗದಾಗ ಟ್ರ್ಯಾಕ್ಟರ್ ಗ್ಯಾರೇಜ್. ನನ್ನ ಹಾಳು ಮಾಡಿದಾಂವ ಇಂವನೇ ಅಂತ ಅವ್ವ ಈಗೂ ಬೈತಾಳ. ನನಗ ಹತ್ತು ವರ್ಷ ಇದ್ದಾಗ ಹಳೇ ಸ್ಕೂಟರಿನ ಇಂಜಿನ್ನು, ನೀರಿನ ಪೈಪು, ಕೈಗಾಡಿ ಗಾಲಿ ಕೂಡಿಸಿ ಒಂದು ಕಾರ್ಟ್ ಮಾಡಿಕೊಟ್ಟ. ಕಾರ್ಟ್ ಅಂದ್ರ ಮ್ಯಾಲ ಸೂರಿಲ್ಲದ, ಬಾಗಲಿಲ್ಲದ, ಕುಂತ್ರ ಕುಂಡಿ ನೆಲಕ್ಕ ತಾಕೇಬಿಡತದ ಅನ್ನೋ ಅಷ್ಟು ಗಿಡ್ಡನ ರೇಸ್ ಗಾಡಿ. ಮಿಲ್ಲಿನ್ಯಾಗ ಭತ್ತ ಒಣಗಸೋ ಸಿಮೆಂಟಿನ ಕಣ ಅದ. ಭತ್ತ ಇಲ್ಲದ ದಿನ ಅದೇ ನನ್ನ ಟ್ರ್ಯಾಕು. ನಾಕೂ ಮೂಲ್ಯಾಗ ಖಾಲಿ ಚೀಲ ಇಟ್ಟು ಸುತ್ತತಿದ್ದೆ. ಹಮಾಲರು ಬೀಡಿ ಸೇದಿಕೋತ "ಇನ್ನೂ ಜೋರು ಹೊಡಿ ಯವ್ವಾ" ಅಂತಿದ್ರು.

ಆ ಕಣದಿಂದ ಹೈದರಾಬಾದಿನ ಟ್ರ್ಯಾಕಿಗೆ ಹೋದೆ. ಅಲ್ಲಿನ ಒಂದು ಟೀಮಿನವರು ನನ್ನ ಓಟ ನೋಡಿ ಕರದ್ರು, ಖರೇ ರೇಸ್ ಕಾರ್ಟ್ ಕೊಟ್ರು. ಹದಿನೆಂಟಾಗೋದ್ರಾಗ ನಾಕು ಕಪ್ಪು ಮನ್ಯಾಗ ಬಂದು ಕುಂತ್ವು. ಮಾವ ನನ್ನ ಮೆಕ್ಯಾನಿಕ್, ಡ್ರೈವರ್, ಅಡಿಗಿ ಭಟ್ಟ, ಎಲ್ಲಾ. ಆ ಟೀಮಿನ ಮ್ಯಾನೇಜರು, "ಮುಂದಿನ ಸೀಸನ್ನಿಗೆ ಕಾರ್ಟ್ ಬಿಟ್ಟು ದೊಡ್ಡ ಫಾರ್ಮುಲಾ ಕಾರಿಗೆ ಬಾ, ಸೀಟು ನಿಂದು" ಅಂದ್ರು. ಆ ದಿನ ನಾ ನೆಲದ ಮ್ಯಾಲ ನಡದಿಲ್ಲ.

ಈಗ ಪಡ್ಡಿನ ಮಾತು. ಕಾರ್ಟ್ ರೇಸಿನ್ಯಾಗ ಒಂದು ನಿಯಮ ಅದ. ಗಾಡಿ ಮತ್ತ ಡ್ರೈವರ್ ಕೂಡಿ ಇಷ್ಟು ತೂಕ ಇರಲೇಬೇಕು. ಡ್ರೈವರ್ ಬಡಕ ಇದ್ರ ಸೀಟಿಗೆ ಸೀಸ ಬಿಗಿದು ತೂಕ ತುಂಬಸಬೇಕು. ನಾ ಮೊದಲಿಂದ ಕಡ್ಡಿ, ಮೂರು ಕೆಜಿ ಕಡಿಮಿ ಬೀಳತಿದ್ದೆ. ಮಾವ ಸೀಸ ಕರಗಿಸಿ ಅತ್ತಿಯ ಪಡ್ಡಿನ ಹಂಚಿನ್ಯಾಗ ಹೊಯ್ದ. ಅತ್ತಿ ಆ ಹಂಚನ್ನ ಮತ್ತ ಎಂದೂ ಒಲಿ ಹತ್ರ ಬರಗೊಡಲಿಲ್ಲ, ಮಾವನ್ನೂ ಎಂಟು ದಿನ ಬರಗೊಡಲಿಲ್ಲ. ಆರು ಪಡ್ಡು ಬಂದ್ವು. ನಡುವ ತೂತು ಕೊರದು, ಬೋಲ್ಟು ಹಾಕಿ ಸೀಟಿಗೆ ಬಿಗಿದ್ವಿ. ರೇಸಿಗೆ ಮೊದಲು ಅಪ್ಪ ನನ್ನ ಮಿಲ್ಲಿನ ಚೀಲ ತೂಗೋ ಕಾಟಾದ ಮ್ಯಾಲ ಹೆಲ್ಮೆಟ್ ಸಮೇತ ನಿಂದ್ರಸತಿದ್ದ. ತೂಕ ನೋಡಿ ಮಾವಗ ಫೋನಿನ್ಯಾಗ ಹೇಳತಿದ್ದ, ಮಾವ ಅಷ್ಟು ಸೀಸ ಹಚ್ಚತಿದ್ದ.

ನನಗ ಹತ್ತೊಂಬತ್ತು ಆದ ವರ್ಷ ಬ್ಯಾಸಗಿಯೊಳಗ ಆರು ಪಡ್ಡು ಒಂಬತ್ತಾದ್ವು. ಆಮ್ಯಾಲ ಹದಿಮೂರು. ಆಮ್ಯಾಲ ಹದಿನೆಂಟು.

ಓದೋ ನಿಮಗ ಈಗಲೇ ತಿಳದಿರಬೇಕು. ನಮಗ ತಿಳೀಲಿಲ್ಲ ನೋಡ್ರಿ! ನಮ್ಮ ಧಂದಾದಾಗ ಡ್ರೈವರ್ ತೆಳ್ಳಗಾದ್ರ ಸಂಭ್ರಮ. ಮೈಯಾಗಿನ ತೂಕ ನಮಗ ಬೇಕಾದಲ್ಲಿ ಇಡಾಕ ಬರಂಗಿಲ್ಲ, ಸೀಸ ಆದ್ರ ಬೇಕಾದಲ್ಲಿ, ಕೆಳಗ ಕೂಡಿಸಬಹುದು, ಗಾಡಿ ತಿರುವಿನ್ಯಾಗ ಚಂದ ಕುಂದ್ರತದ. ನಾ ಕರಗಿದಷ್ಟೂ ಗಾಡಿ ಜೋರು ಓಡಾಕತ್ತು. ಮಾವ ನನ್ನ ರಟ್ಟಿ ಮುಟ್ಟಿ, "ಲೇ ಗೌತಮಿ, ಖರೇ ರೇಸರ್ ಆದಿ ಈಗ" ಅಂದ. ನಾ ಉಬ್ಬಿ ಹೋದೆ, ಉಬ್ಬಾಕ ಮೈಯಾಗ ಏನೂ ಉಳಿದಿರಲಿಲ್ಲ ಅದು ಬ್ಯಾರೆ ಮಾತು.

ನೀರಡಿಕಿ ಅಂದ್ರ ಎಂಥಾ ನೀರಡಿಕಿ! ಒಂದು ತಂಬಗಿ ಕುಡದು ಕೆಳಗ ಇಡೋದ್ರಾಗ ಇನ್ನೊಂದು ಬೇಕು. ತಾಸಿಗೊಮ್ಮೆ ಪಾಯಖಾನಿ ಕಡೆ ಓಟ. ಆದ್ರ ರಾಯಚೂರು ಜಿಲ್ಲಾದಾಗ ಮೇ ತಿಂಗಳಿನ್ಯಾಗ ನೀರಡಿಕಿ ಆಗತದ ಅಂತ ಹೇಳಿದ್ರ ಯಾರು ಕಿವಿಗೊಡತಾರ? "ಉಷ್ಣ ಆಗ್ಯದ" ಅಂತ ಅವ್ವ ಕಬ್ಬಿನ ಹಾಲು ತರಿಸಿದಳು, ಗ್ಲೂಕೋಸ್ ಪುಡಿ ಕಲಸಿ ಕಲಸಿ ಕುಡಿಸಿದಳು. ಬೆಂಕಿ ಹತ್ತಿದ ಮನಿಗೆ ಪಾಪ ಪ್ರೀತಿಯಿಂದ ಸೀಮಿಎಣ್ಣಿ ಹೊಯ್ದಾಕಿ ನಮ್ಮವ್ವ.

ಸೀಸನ್ನಿನ ಕಡೀ ರೇಸು ಹೈದರಾಬಾದಿನ್ಯಾಗ, ಒಂದು ರವಿವಾರ ಮುಂಜಾನಿ. ಶುಕ್ರವಾರ ಅಪ್ಪ ತೂಗಿದ್ದ, ಬರೊಬ್ಬರಿ ಲೆಕ್ಕ ಹಾಕಿ ಹದಿನೆಂಟು ಪಡ್ಡು ಬಿಗಿದಿದ್ವಿ, ಮ್ಯಾಲ ಅರ್ಧ ಕೆಜಿ ಹೆಚ್ಚೇ ಇತ್ತು. ನಾ ಗೆದ್ದೆ. ಕಣ್ಣು ಮಂಜಾಗಿತ್ತು, ಆದ್ರೂ ಗೆದ್ದೆ. ರೇಸ್ ಮುಗದ ಮ್ಯಾಲ ಗಾಡಿ ಸಮೇತ ತೂಗೋದು ರೂಢಿ. ಕಾಟಾದ ಮ್ಯಾಲ ನಿಂತ್ವಿ. ಒಂದು ಕೆಜಿ ಕಡಿಮಿ! ಅಧಿಕಾರಿ ತಲಿ ಅಲ್ಲಾಡಿಸಿದ. ಗೆದ್ದಿದ್ದು ರದ್ದು.

ಮಾವ ಕೆಂಡಾಮಂಡಲ ಆದ. "ಸೀಸ ಬಿದ್ದಿಲ್ರೀ! ಎಣಿಸ್ರಿ, ಹದಿನೆಂಟು ಅವ! ನಿಮ್ಮ ಕಾಟಾನೇ ಖರಾಬ್ ಅದ!" ಅಂತ ಜಗಳಕ್ಕ ನಿಂತ. ಆ ಜಗಳದಾಗ ಅಪ್ಪಗ ಫೋನ್ ಹಚ್ಚಿದ, ಕಾಟಾದ ಮಂದಿಗೆ ಕಾಟಾದವನೇ ಬುದ್ಧಿ ಹೇಳಲಿ ಅಂತ. ಫೋನು ಜೋರಿನ್ಯಾಗ ಇತ್ತು, ನನಗೂ ಕೇಳಸತಿತ್ತು.

ಅಪ್ಪ ಎಲ್ಲಾ ಕೇಳಿದ. ಆಮ್ಯಾಲ ಸಣ್ಣಾಗಿ ಕೇಳಿದ, "ಸಿದ್ದು, ಸೀಸ ಪೂರಾ ಅದ ಅಂತಿ. ಹಂಗಾದ್ರ ಕಡಿಮಿ ಆಗಿದ್ದು ಏನು?"

ಮಾವ ತಿರುಗಿ ನನ್ನ ನೋಡಿದ.

"ಶುಕ್ರವಾರ ತೂಗಿದ ಚೀಲ ರವಿವಾರ ಒಂದೂವರೆ ಕೆಜಿ ಕಡಿಮಿ ಬಂದ್ರ ಎಲ್ಲೋ ಸೋರ್ಯದ ಅಂತ ಅರ್ಥ. ಸೋರಿದ್ದು ನನ್ನ ಮಗಳು, ಸಿದ್ದು. ಕಪ್ಪು ಹಾಳಾಗಿ ಹೋಗಲಿ, ಆಕಿನ್ನ ದವಾಖಾನಿಗೆ ಕರಕೊಂಡು ನಡಿ."

ಹೈದರಾಬಾದಿನ್ಯಾಗ ದವಾಖಾನಿಗೆ ಬರ ಅದ ಏನು? ಆದ್ರ ನಮ್ಮ ಮಂದಿಗೆ ನಮ್ಮ ಕಡಿ ಡಾಕ್ಟರೇ ಆಗಬೇಕು. ಮಾವ ಸೀದಾ ರಾಯಚೂರಿನ ಕಡೆ ಗಾಡಿ ತಿರುಗಿಸಿದ. ದಾರ್ಯಾಗ ಮೂರು ಸಲ ವಾಂತಿ ಮಾಡಿದೆ. ಉಸರು ಓಡಿ ಬಂದವರಂಗ ಮ್ಯಾಲ ಕೆಳಗ ಆಗಾಕತ್ತು. ಓದೋ ನೀವು ಯಾರೂ ಹಿಂಗ ಮಾಡಬ್ಯಾಡ್ರಿ, ಕೈ ಮುಗೀತೀನಿ. ಹತ್ತಿರ ಯಾವುದು ಅದ ಅಲ್ಲಿಗೇ ಹೋಗ್ರಿ. ರಾಯಚೂರು ಮುಟ್ಟೋದ್ರಾಗ ನನಗ ಕಾರಿನ ಬಾಗಲು ಯಾವ ಕಡೆ ಅದ ಅಂತ ತಿಳೀದಂಗ ಆಗಿತ್ತು. ನರ್ಸು ನನ್ನ ಉಸರಿನ್ಯಾಗ ಕೊಳತ ಹಣ್ಣಿನ ವಾಸನಿ ನೋಡಿ, ಬೆರಳು ಚುಚ್ಚಿ ಶುಗರ್ ನೋಡಿ, ಡಾಕ್ಟರನ್ನ ಕರಿಯಾಕ ಓಡಿದಳು. ಐಸಿಯುದಾಗ ಮೂರು ದಿನ ಇದ್ದೆ, ಅದರಾಗ ಮೊದಲನೇ ದಿನ ನನಗ ನೆನಪೇ ಇಲ್ಲ.

ನೆನಪಿರೋದು ಅಪ್ಪನ ಮಾರಿ. ಕಣ್ಣು ತೆರದಾಗ ನನ್ನ ಕಾಲಿನ ಹತ್ರ ನಿಂತಿದ್ದ, ಕಿಸ್ಯಾಗ ಇನ್ನೂ ಮಿಲ್ಲಿನ ಪೆನ್ನು ಇತ್ತು. "ತೂಗಿದಾಂವ ನಾನೇ ಯವ್ವಾ. ಬರದಾಂವ ನಾನೇ. ಮಂದಿ ಲಾರಿಯಾಗ ಹತ್ತು ಕೆಜಿ ಕಡಿಮಿ ಬಂದ್ರ ಡ್ರೈವರನ್ನ ಇಳಿಸಿ ಕೇಳತೀನಿ. ನನ್ನ ಮಗಳು ಆರು ಕೆಜಿ ಕಡಿಮಿ ಬಂದ್ರ ಸೀಸ ಹಚ್ಚು ಅಂದೆ. ದೀಪದ ಬುಡಕ್ಕ ಕತ್ತಲಿ ಅಂದಂಗ ಆತು" ಅಂದ. ಅಪ್ಪ ಅಳೋದು ನಾ ಮೊದಲನೇ ಸಲ ನೋಡಿದೆ. ನನಗೂ ಅಳು ಬಂತು. ಹೊರಗ ಮಾವ ಗ್ವಾಡಿಗೆ ಹಣಿ ಹಚ್ಚಿ ನಿಂತಿದ್ದನಂತ, ಅವ್ವ ಹೋಗಿ ಬೆನ್ನಿಗೆ ಒಂದು ಗುದ್ದಿ, ಆಮ್ಯಾಲ ಚಾ ಕುಡಿಸಿದಳಂತ.

ಡಾಕ್ಟರಮ್ಮ ನಡುವಯಸ್ಸಿನಾಕಿ, ಮಾತಿನ್ಯಾಗ ಸ್ವಲ್ಪ ತೆಲುಗಿನ ಎಳತ. ನಮ್ಮನ್ನೆಲ್ಲಾ ಕುಂಡ್ರಿಸಿ ಹೇಳಿದರು. ಇದು ಸಕ್ರಿ ತಿಂದು ಬಂದದ್ದಲ್ಲ, ಯಾರ ತಪ್ಪೂ ಅಲ್ಲ, ಮೈ ಇನ್ಸುಲಿನ್ ಮಾಡೋದು ನಿಲ್ಲಿಸ್ಯದ, ನಾವು ಹೊರಗಿಂದ ಕೊಡಬೇಕು.

"ಎಷ್ಟು ದಿನರೀ?" ಅಂದಳು ಅವ್ವ.

"ಯಾವಾಗಲೂ, ಅಮ್ಮಾ."

ಅವ್ವ ಸೆರಗು ಬಾಯಿಗೆ ಹಚ್ಚಿದಳು. ನಾ ಮಾತ್ರ ಬ್ಯಾರೆ ಪ್ರಶ್ನಿ ಹಿಡಕೊಂಡು ಕುಂತಿದ್ದೆ. "ಮೇಡಂ, ರೇಸ್ ಗಾಡಿ?"

ಅವರು ಮೊದಲು ನಕ್ರು, ಆಮ್ಯಾಲ ನಗು ನಿಲ್ಲಿಸಿದರು. "ಇನ್ಸುಲಿನ್ ಹೆಚ್ಚಾದ್ರ ಶುಗರ್ ಇಳೀತದ. ಇಳದಾಗ ತಲಿ ಮಂಜಾಗತದ. ಆ ಜೋರಿನ್ಯಾಗ ತಲಿ ಮಂಜಾದ್ರ ನೀನಷ್ಟೇ ಅಲ್ಲ, ಪಕ್ಕದಾಗ ಓಡೋರೂ ಹೋಗತಾರ. ಇಳಿಯೋದು ನಿನಗ ಮೊದಲೇ ಗೊತ್ತಾಗತದ ಅಂತ ನನಗ ನಂಬಿಕಿ ಬರಬೇಕು. ಆವಾಗ ಫಿಟ್‌ನೆಸ್ ಬರದುಕೊಡತೀನಿ. ಇಲ್ಲಂದ್ರ ಇಲ್ಲ."

ಆ ಕಾಗದ ಇಲ್ಲದ ರೇಸ್ ಲೈಸೆನ್ಸ್ ಇಲ್ಲ. ಮ್ಯಾನೇಜರು ಫೋನಿನ್ಯಾಗ, "ಸೀಸನ್ ಶುರು ಆಗಾಕ ಏಳು ತಿಂಗಳು ಅದ. ಅಷ್ಟರಾಗ ಕಾಗದ ತಂದ್ರ ಸೀಟು ನಿಂದು, ತರಲಿಲ್ಲಂದ್ರ ಬ್ಯಾರೆಯವರಿಗೆ" ಅಂದ್ರು. ತಪ್ಪೇನಿಲ್ಲ ಅವರದು.

ಮೊದಲನೇ ತಪಾಸಣಿಗೆ ಹೋದಾಗ ಕಾಯೋ ಬೆಂಚಿನ ಮ್ಯಾಲ ಚೀಕಲಪರ್ವಿಯ ಹುಲಿಗೆಮ್ಮಜ್ಜಿ ಸಿಕ್ಕಳು. ಅಲ್ಲಿತನಕ ಅವ್ವನೇ ಚುಚ್ಚತಿದ್ದಳು, ಆವತ್ತು ನಾನೇ ಹೊಟ್ಟಿಗೆ ಚುಚ್ಚಿಕೊಳ್ಳಾಕ ಅಂಜಿ, ಸೂಜಿ ಹಿಡಕೊಂಡು ಹತ್ತು ನಿಮಿಷದಿಂದ ಕುಂತಿದ್ದೆ. ಆಕಿ ನೋಡಿ ನೋಡಿ ಬ್ಯಾಸತ್ತು, "ಏನು ಬೇ, ಮುಹೂರ್ತ ನೋಡಾಕತ್ತೀಯೇನು?" ಅಂದಳು. ತನ್ನ ಸೀರಿ ಸರಿಸಿ ಟಕ್ಕನ ಚುಚ್ಚಿಕೊಂಡಳು. "ಹದಿನಾಕು ವರ್ಷ ಆತು. ನಮ್ಮ ಹೊಳಿ ದಂಡಿ ಜಾಲಿಮುಳ್ಳು ಇದಕ್ಕಿಂತ ಜೋರು ಚುಚ್ಚತದ. ಏನು ಕೆಲಸ ಮಾಡತಿ?" ರೇಸ್ ಗಾಡಿ ಓಡಸತೀನಿ ಅಂದೆ. "ಅದಕ್ಕ ಅಂಜಂಗಿಲ್ಲ, ಇದಕ್ಕ ಅಂಜತಿ? ನಾಚಿಕಿ ಬರಂಗಿಲ್ಲೇನು?" ಅಂದಳು. ನಾ ಚುಚ್ಚಿಕೊಂಡೆ, ಆಕಿ ಕೈ ಬೀಸಿ ನನ್ನ ದೃಷ್ಟಿ ತಗದಳು. ಆ ಬೆಂಚಿನ ಮ್ಯಾಲ ಕಲಿತಷ್ಟು ನಾ ಎಲ್ಲೂ ಕಲಿತಿಲ್ಲ.

ಮನ್ಯಾಗ ಹಾಗಲಕಾಯಿ, ಮೆಂತೇಕಾಳು, ನೇರಳೆ ಬೀಜದ ಮೆರವಣಿಗಿ ಶುರು ಆತು. ಅವ್ವ ಯಾರಿಗೂ ಬ್ಯಾಡ ಅನ್ನಲಿಲ್ಲ, ಎಲ್ಲಾ ಇಸಕೊಂಡು ಹಿತ್ತಲದಾಗಿನ ಆಡಿಗೆ ತಿನ್ನಾಕ ಹಾಕಿದಳು. ಡಾಕ್ಟರಮ್ಮ ಹೇಳಿದ್ದು ಒಂದೇ, ತಿನ್ನೋದಕ್ಕ ತಕ್ಕಂಗ ಇನ್ಸುಲಿನ್. ಹಂಗಾಗಿ ಅವ್ವ ಅಂಗನವಾಡಿ ಹುಡುಗರನ್ನ ಎಣಿಸಿದಂಗ ನನ್ನ ತಾಟು ಎಣಿಸಾಕತ್ತಳು. ಒಂದು ರೊಟ್ಟಿಗೆ ಇಷ್ಟು, ಒಂದು ಪಡ್ಡಿಗೆ ಇಷ್ಟು.

ಗಾಡಿ ಮುಟ್ಟೋ ಹಂಗಿಲ್ಲ, ಕೈ ತುರಸತಾವ. ಮಾವ ತಪ್ಪು ತೊಳಕೊಳ್ಳಾಕ ದಾರಿ ಹುಡುಕಾಕತ್ತಿದ್ದ. ಒಂದು ದಿನ ದೇವದುರ್ಗದಿಂದ ಟಾಟಾ ಏಸಿನ್ಯಾಗ ಸಾಮಾನು ತಂದು ಇಳಿಸಿದ. ಹಳೇ ಟ್ರ್ಯಾಕ್ಟರ್ ಸೀಟು, ಕಂಪ್ಯೂಟರಿಗೆ ಹಚ್ಚೋ ಸ್ಟೇರಿಂಗು, ಪೆಡಲು, ಒಂದು ದೊಡ್ಡ ಟಿವಿ. ಸಿಮ್ಯುಲೇಟರ್! ಪರದೆ ಮ್ಯಾಲ ಖರೇ ಟ್ರ್ಯಾಕು ಓಡತದ, ಸ್ಟೇರಿಂಗು ಖರೇ ಗಾಡಿಯಂಗ ಕೈ ಜಗ್ಗತದ, ಡಿಕ್ಕಿ ಹೊಡದ್ರೂ ಯಾರೂ ಸಾಯಂಗಿಲ್ಲ. ಮನ್ಯಾಗ ಕರೆಂಟಿನ ಭರವಸಿ ಇಲ್ಲ. ಮಿಲ್ಲಿನ್ಯಾಗ ಜನರೇಟರ್ ಅದ, ಕಾಟಾದ ಕೋಣ್ಯಾಗ ಕೂಲರ್ ಅದ. ಮಿಲ್ಲಿನ ಸಾವಕಾರ್ರು ಹೂಂ ಅಂದ್ರು. ಅಪ್ಪನ ಕುರ್ಚಿ ಪಕ್ಕದಾಗ ನನ್ನ ಟ್ರ್ಯಾಕ್ಟರ್ ಸೀಟು ಬಂತು.

ಲಾರಿ ಡ್ರೈವರ್‌ಗಳಿಗೆ ಹಬ್ಬ. ಚೀಟಿ ಇಸಕೊಳ್ಳಾಕ ಬಂದಾಂವ ಕಿಟಕ್ಯಾಗ ಮೊಳಕೈ ಊರಿ, "ಬ್ರೇಕ್ ತಡಾ ಆತು ನೋಡವ್ವಾ" ಅಂತ ನನಗೇ ಕಲಿಸತಿದ್ದ. ಹಿಂದಿನ ಲಾರಿ ಹಾರ್ನ್ ಹೊಡದಾಗ ಅಪ್ಪ "ಆತು, ಮುಂದಕ್ಕ!" ಅಂತ ಒದರತಿದ್ದ. ನನಗಂತೂ ಒಮ್ಮೆಯೂ ಹಂಗ ಅನ್ನಲಿಲ್ಲ. ದವಾಖಾನಿಯಿಂದ ಬಂದ ಮ್ಯಾಲ ಆ ಮಾತು ನನ್ನ ಕಡೆ ತಿರುಗಿ ಅನ್ನೋದು ಬಿಟ್ಟಿದ್ದ. ನಾನೂ ಕೇಳಲಿಲ್ಲ.

ಅಪ್ಪಗ ಸುಮ್ನ ಕುಂಡ್ರಾಕ ಬರಂಗಿಲ್ಲ. ನನ್ನ ಒಂದೊಂದು ಸುತ್ತಿನ ವೇಳೆ ಖಾಲಿ ಚೀಟಿ ಮ್ಯಾಲ ಬರದು, ಲಾರಿ ಚೀಟಿ ಚುಚ್ಚಿದಂಗ ತಂತಿಗೆ ಚುಚ್ಚತಿದ್ದ. ಎರಡನೇ ತಿಂಗಳಿನ್ಯಾಗ ಒಂದು ಮಧ್ಯಾಹ್ನ ಯಾಕೋ ಸ್ಟೇರಿಂಗು ಮಾತು ಕೇಳವಲ್ದು. ಒಂದೇ ತಿರುವಿನ್ಯಾಗ ಎರಡು ಸಲ ಗ್ವಾಡಿಗೆ ಹೊಡದೆ.

"ಮೂರು ಸುತ್ತಿನಿಂದ ಕಡಿಮಿ ಬರಾಕತ್ತದ" ಅಂದ ಅಪ್ಪ. "ಎಲ್ಲೋ ಸೋರಾಕತ್ತದ. ಶುಗರ್ ನೋಡು."

"ಯಪ್ಪಾ, ಸುಮ್ನಿರು ಒಂದೀಟು! ನನಗ ಗೊತ್ತದ!" ಅಂತ ಚೀರಿದೆ. ಹಂಗ ನಾ ಅಪ್ಪಗ ಎಂದೂ ಚೀರಿಲ್ಲ.

ಅಪ್ಪ ನನ್ನ ಬೆರಳು ಹಿಡದು ಚುಚ್ಚಿದ. ಶುಗರ್ ಐವತ್ತೆಂಟು, ಎಪ್ಪತ್ತರ ಕೆಳಗ ಇಳೀಬಾರದು. ಬಾಯಾಗ ಸಕ್ರಿ ಹಾಕಿದ. ಹದಿನೈದು ನಿಮಿಷಕ್ಕ ತಲಿ ತಿಳಿ ಆತು, ಆಮ್ಯಾಲ ನಾಚಿಕಿ ಬಂತು. ಸಿಟ್ಟು ನಂದಾಗಿರಲಿಲ್ಲ, ಇಳದ ಶುಗರಿನದು. ಆವತ್ತಿನಿಂದ ಚೀಟಿಯ ಒಂದು ಮಗ್ಗಲಾಗ ಸುತ್ತಿನ ವೇಳೆ, ಇನ್ನೊಂದು ಮಗ್ಗಲಾಗ ಶುಗರ್ ಬರದ್ವಿ. ಬರೀತ ಬರೀತ ನನಗ ನನ್ನ ಗುರುತು ಹತ್ತಾಕತ್ತು. ಮೊದಲು ಎಡಗೈ ಬಿಗಿ ತಪ್ಪತದ, ಆಮ್ಯಾಲ ಸುತ್ತು ತಡಾ ಆಗತದ, ಆಮ್ಯಾಲ ಸಿಟ್ಟು ಬರತದ. ಐದನೇ ತಿಂಗಳಿಗೆ ಅಪ್ಪ ಹೇಳೋಕಿಂತ ಮೊದಲೇ ನಾ ಹೇಳತಿದ್ದೆ, "ಯಪ್ಪಾ, ಇಳಿಯಾಕತ್ತದ." ಚುಚ್ಚಿ ನೋಡಿದ್ರ ಬರೊಬ್ಬರಿ.

ಆರನೇ ತಿಂಗಳು ಅಪ್ಪ ನಾಕು ತಂತಿ ತುಂಬ ಚೀಟಿ ಹೆಗಲಿಗೆ ಹಾಕ್ಕೊಂಡು ಡಾಕ್ಟರಮ್ಮನ ಮುಂದ ಇಟ್ಟ. ಕಾಯೋ ಮಂದಿ ನಾವು ಯಾವುದೋ ದಲಾಲಿ ಅಂಗಡಿಯವರು ಅಂತ ತಿಳಕೊಂಡಿದ್ರು. ಡಾಕ್ಟರಮ್ಮ ಕನ್ನಡಕ ಹಾಕ್ಕೊಂಡು ಒಂದೊಂದೇ ತಿರುವಿದರು. ಮುಂದ, ಹಿಂದ. ಮುಂದ, ಹಿಂದ. "ಇಷ್ಟು ವರ್ಷದಾಗ ಇಂಥಾ ರಿಪೋರ್ಟು ನಾನು ನೋಡಿಲ್ಲಪ್ಪ" ಅಂದ್ರು. ಪೆನ್ನು ತಗದ್ರು. ಓಡಸೋಕ ಮೊದಲು ಶುಗರ್ ನೋಡಬೇಕು, ತೋಳಿಗೆ ಸೆನ್ಸರ್ ಅಂಟಿರಬೇಕು, ಇಳಿದಿದ್ರ ಸೀಟಿನ್ಯಾಗ ಕುಂಡ್ರಬಾರದು ಅಂತ ಷರತ್ತು ಬರದು, ಕೆಳಗ ಸಹಿ ಮಾಡಿದರು. ಮಾವ ಅವರ ಕಾಲಿಗೆ ಬೀಳಾಕ ಹೋಗಿ ಟೇಬಲ್ಲಿಗೆ ತಲಿ ಬಡಿಸಿಕೊಂಡ.

ಫಾರ್ಮುಲಾ ಕಾರಿನ ಮೊದಲನೇ ರೇಸು ಕೊಯಮತ್ತೂರಿನ್ಯಾಗ. ಅಪ್ಪ ಎಂದೂ ನನ್ನ ರೇಸಿಗೆ ಬಂದಾಂವಲ್ಲ, ಸುಗ್ಗಿಯಾಗ ಕಾಟಾ ಬಿಡಾಕ ಬರಂಗಿಲ್ಲ ಅಂತಿದ್ದ. ಆ ಸಲ ಸುಗ್ಗಿ ಇದ್ರೂ ಬಂದ. ಅವ್ವ ಡಬ್ಬಿ ತುಂಬ ಪಡ್ಡು ತಂದಿದ್ದಳು, ತಿನ್ನೋವು. ಮಾವ ಬೂಟಿನ ಡಬ್ಬಿ ತಂದಿದ್ದ, ಬಿಗಿಯೋವು, ಬೇಕಾದ್ರ ಇರಲಿ ಅಂತ.

ಶುರು ಆಗಾಕ ಹತ್ತು ನಿಮಿಷ ಇತ್ತು. ಕಾರಿನ್ಯಾಗ ಕುಂತು ಬೆಲ್ಟು ಬಿಗಿಸಿಕೊಂಡೆ. ಎಡಗೈ ಬಿಗಿ ತಪ್ಪಿದಂಗ ಆತು. ಯಾರಿಗೂ ಕಾಣಂಗಿಲ್ಲ ಅದು. ಸುಮ್ನಿದ್ರ ಒಂಬತ್ತನೇ ಜಾಗದಿಂದ ಶುರು ಮಾಡತಿದ್ದೆ. ಹೇಳಿದ್ರ ಕಾರು ಸಾಲಿನಿಂದ ಹೊರಗ ತಗೀತಾರ, ಎಲ್ಲಾರೂ ಹೋದ ಮ್ಯಾಲ ಕಡೀಕ ಹೋಗಬೇಕು. ಮ್ಯಾನೇಜರು ಮತ್ತ ನನ್ನ ನಂಬತಾರೋ ಇಲ್ಲೋ ಅನ್ನೋ ಅಂಜಿಕಿ ಬ್ಯಾರೆ. ಹೆಲ್ಮೆಟ್ಟಿನೊಳಗ ನನಗ ಅಪ್ಪನ ದನಿ ನೆನಪಾತು, ಹಂಗಾದ್ರ ಕಡಿಮಿ ಆಗಿದ್ದು ಏನು ಅಂತ. ಕೈ ಎತ್ತಿದೆ. "ಶುಗರ್ ಇಳಿಯಾಕತ್ತದ. ನನ್ನ ಹೊರಗ ತಗೀರಿ."

ಸೆನ್ಸರ್ ನೋಡಿದ್ರು, ಖರೇ ಇಳಿಯಾಕತ್ತಿತ್ತು. ಕಾರು ಹೊರಗ ದಬ್ಬಿದರು. ಹಣ್ಣಿನ ರಸ ಕುಡದೆ. ಎಲ್ಲಾ ಕಾರು ಬೊರ್ರ್ ಅಂತ ನನ್ನ ಬಿಟ್ಟು ಹೋದ್ವು. ನಾ ಸೆನ್ಸರಿನ ಅಂಕಿ ನೋಡಿಕೋತ ಕುಂತೆ. ಅಂಕಿ ಏರಿತು, ಟ್ರ್ಯಾಕಿನ ಡಾಕ್ಟರು ಹೂಂ ಅಂದ್ರು, ನಾ ಹೊಂಟೆ. ಎರಡು ಸುತ್ತು ಹಿಂದ ಬಿದ್ದಿದ್ದೆ. ಹದಿನೆಂಟು ಮಂದಿಯಾಗ ಹದಿನೇಳನೇಯಾಕಿ ಆದೆ, ಹದಿನೆಂಟನೇಯಾಂವನ ಇಂಜಿನ್ ಕೆಟ್ಟಿತ್ತು. ಮ್ಯಾನೇಜರು ಹತ್ರ ಬಂದು, "ಇವತ್ತು ನೀ ಕೈ ಎತ್ತಿದ್ದಕ್ಕ ಮುಂದಿನ ರೇಸಿಗೂ ಸೀಟು ನಿಂದೇ" ಅಂದ್ರು.

ಕಡೀಕ ಕಾಟಾ. ಕಾರು ಸಮೇತ ತೂಗಾಕ ನಿಂದ್ರಿಸಿದರು. ಹಗ್ಗದ ಆಚಿ ಅಪ್ಪ, ಅವ್ವ, ಮಾವ. ಮಾವನ ಬಗಲಾಗ ಬೂಟಿನ ಡಬ್ಬಿ ಹಂಗ ಇತ್ತು, ಒಂದು ಪಡ್ಡೂ ಬೇಕಾಗಿರಲಿಲ್ಲ. ಹೋದ ಮೈ ಎಲ್ಲಾ ತಿರುಗಿ ಬಂದಿತ್ತು, ಮ್ಯಾಲ ಒಂದೆರಡು ಕೆಜಿ ಅವ್ವನ ಕೈ ಗುಣ. ಕೆಂಪು ಅಂಕಿ ಓಡಿ ಓಡಿ ನಿಂತ್ವು. ಅಧಿಕಾರಿ ನೋಡೋಕಿಂತ ಮೊದಲೇ ಅಪ್ಪ ನೋಡಿದ್ದ. ಮೂವತ್ತು ವರ್ಷ ಅದೇ ಕೆಲಸ ಮಾಡಿದ ಕಣ್ಣು ಅವು. ತುಟಿ ಅಲ್ಲಾಡಿದ್ವು, ಲೆಕ್ಕ ಹಾಕಿದ, ಇನ್ನೊಮ್ಮೆ ನನ್ನ ನೋಡಿದ. ಏನೂ ಸೋರಿರಲಿಲ್ಲ.

ಹಗ್ಗದ ಮ್ಯಾಲಿಂದ ತಲಿ ಹೊರಗ ಹಾಕಿ, ಆ ಟ್ರ್ಯಾಕಿನ ಮಂದಿಯೆಲ್ಲಾ ತಿರುಗಿ ನೋಡೋ ಹಂಗ ಒದರಿದ:

"ಆತು, ಮುಂದಕ್ಕ!"